7 ಲೀಟರಿನ ದಪ್ಪ ತಳದ ಪಾತ್ರೆ: ಎರಡು ವರ್ಷ ಬಳಸಿದ ಮೇಲೆ

ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ 14 ಜನ ಊಟಕ್ಕೆ ಸೇರುತ್ತೇವೆ. ಅಮ್ಮ, ಚಿಕ್ಕಮ್ಮ, ಇಬ್ಬರು ತಂಗಿಯರು, ಅವರ ಗಂಡಂದಿರು, ಮಕ್ಕಳು, ನಾವು. ಅಡುಗೆ ನನ್ನದು. ಎರಡು ವರ್ಷದ ಹಿಂದಿನವರೆಗೆ ಸೇರುತ್ತಿದ್ದವರು 14 ಜನ, ಊಟಕ್ಕೆ ಕೂರುತ್ತಿದ್ದವರು 13. ನಾನು ಒಲೆ ಮುಂದೆ. ಒಂದು ಪಾತ್ರೆ ತಳ ಹಿಡಿಯುತ್ತಿದೆ ಅಂತ ಅದನ್ನು ಕೆದಕುವಷ್ಟರಲ್ಲಿ ಪಕ್ಕದ್ದು ಉಕ್ಕುತ್ತಿತ್ತು. ಎಲ್ಲರೂ ಕೈ ತೊಳೆದ ಮೇಲೆ ನನ್ನ ಪಾಲಿಗೆ ಆರಿದ ಅನ್ನ, ಸೀದ ವಾಸನೆಯ ಕಾಳು. ಯಾರೂ ಬೇಕಂತ ಹಾಗೆ ಮಾಡಿದ್ದಲ್ಲ. ತೆಳು ಪಾತ್ರೆಯಲ್ಲಿ 5 ಲೀಟರ್ ಗಟ್ಟಿ ಅಡುಗೆ ಇಟ್ಟರೆ ಯಾರಾದರೂ ಒಬ್ಬರು ಅದರ ಪಕ್ಕ ನಿಂತಿರಲೇಬೇಕು.

ಅದಕ್ಕೇ ಈ ಪಾತ್ರೆ ತಗೊಂಡೆ. ಬೀಡು ಅಂತೀವಲ್ಲ, ಆ ಎರಕದ ಕಬ್ಬಿಣದ್ದು. ಒಳಗೂ ಹೊರಗೂ ಎನಾಮೆಲ್ ಲೇಪ. ಬಾಯಿ 28 ಸೆಂಟಿಮೀಟರ್ ಅಗಲ, ಎರಡು ಗಿಡ್ಡ ಹಿಡಿ, ಮೇಲೆ ಬಿಗಿಯಾಗಿ ಕೂರುವ ಭಾರದ ಮುಚ್ಚಳ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಪಾತ್ರೆಯನ್ನು ತುಂಬ ಜನ ಮಾಡುತ್ತಾರೆ. ನಾನು ಇಲ್ಲಿ ಹೇಳುವ ಒಳ್ಳೆಯದು, ಕೆಟ್ಟದ್ದು ಎರಡೂ ಹೆಚ್ಚುಕಮ್ಮಿ ಈ ಜಾತಿಯ ಪಾತ್ರೆಗಳಿಗೆಲ್ಲ ಸೇರಿದ್ದು.

ಇದು ಹೊಸ ಕಾಲದ ವಸ್ತು ಏನಲ್ಲ. ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದಿನ ಪಾತ್ರೆಗೂ ಇಂದಿನದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ಈ ಎನಾಮೆಲ್. ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ ಕಬ್ಬಿಣಕ್ಕೆ ಅಂಟಿಸಿರುತ್ತಾರೆ. ಅದರಿಂದ ಟೊಮೆಟೊ, ನಿಂಬೆ ಹಾಕಿದರೂ ಕಬ್ಬಿಣದ ಒಗರು ಅಡುಗೆಗೆ ಇಳಿಯುವುದಿಲ್ಲ. ಬರೀ ಬೀಡಿನಲ್ಲಿ ಹುಳಿ ಬೇಯಿಸಿ ನೋಡಿದವರಿಗೆ ಇದರ ಬೆಲೆ ಗೊತ್ತು.

ಮೊದಲು ತಳದ ಮಾತು ಹೇಳಿಬಿಡುತ್ತೇನೆ. ಯಾಕೆಂದರೆ ದುಡ್ಡು ಕೊಡುವುದು ಅದಕ್ಕೇ.

ಬೀಡು ಬಿಸಿಯನ್ನು ಬೇಗ ಹರಡುವ ಲೋಹ ಅಲ್ಲ. ಆ ಕೆಲಸದಲ್ಲಿ ಅಲ್ಯೂಮಿನಿಯಂ, ತಾಮ್ರ ಎರಡೂ ಎಷ್ಟೋ ಮುಂದೆ. ಇದು ನಿಧಾನಕ್ಕೆ ಕಾಯುತ್ತದೆ. ಅವಸರ ಅಂತ ದೊಡ್ಡ ಉರಿ ಇಟ್ಟರೆ ನಡುವೆ ಮಾತ್ರ ಕಾದು ಸುಡುತ್ತದೆ, ಅಂಚು ಬೆಚ್ಚಗೆ ಕೂಡ ಆಗಿರುವುದಿಲ್ಲ. ಮೊದಲ ವಾರ ನಾನು ಮಾಡಿದ್ದು ಅದನ್ನೇ. ಈರುಳ್ಳಿ ನಡುವೆ ಕರಕಲು, ಸುತ್ತಲೂ ಹಸಿ. ಪಾತ್ರೆಯೇ ಸರಿ ಇಲ್ಲ ಅಂತ ವಾಪಸ್ ಕೊಡಲು ಹೊರಟಿದ್ದೆ. ಆಮೇಲೆ ಗೊತ್ತಾಯಿತು, ಸ್ವಲ್ಪ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ 8 ರಿಂದ 10 ನಿಮಿಷ ಸುಮ್ನೆ ಬಿಟ್ಟರೆ ಸಾಕು. ಇಡೀ ತಳ ಒಂದೇ ಹದಕ್ಕೆ ಬರುತ್ತದೆ. ಒಮ್ಮೆ ಆ ಹದ ಹಿಡಿಯಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ತಣ್ಣಗಿನ ತರಕಾರಿ ಸುರಿದರೂ ಥಟ್ಟನೆ ಆರುವುದಿಲ್ಲ.

ತಳ ಹಿಡಿಯುವುದು ಯಾಕೆ ಅಂತ ಯೋಚಿಸಿದ್ದೀರಾ? ತೆಳ್ಳಗಿನ ರಸ ಕುದಿಯುವಾಗ ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ತಿರುಗುತ್ತಿರುತ್ತದೆ. ಬೇಳೆ, ಕಾಳು, ಆಲೂಗಡ್ಡೆ ಬೆಂದು ರಸ ಗಟ್ಟಿಯಾದಾಗ ಆ ತಿರುಗಾಟ ನಿಂತುಹೋಗುತ್ತದೆ. ಹಿಟ್ಟಿನಂಥದ್ದು ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಉರಿಯ ನಾಲಗೆ ತಾಗುವ ಜಾಗದಲ್ಲಿ ತೆಳು ಲೋಹ ಸಿಕ್ಕಾಪಟ್ಟೆ ಕಾದು, ಆ ಪದರ ಒಣಗಿ ಸೀಯುತ್ತದೆ. ದಪ್ಪ ತಳದಲ್ಲಿ ಉರಿಯ ಪೆಟ್ಟು ಒಂದೇ ಜಾಗಕ್ಕೆ ಬೀಳುವುದಿಲ್ಲ. ದಾರಿಯಲ್ಲೇ ಹಂಚಿಹೋಗುತ್ತದೆ.

ಇದನ್ನು ನಾನು ನಂಬಿದ್ದು ಒಂದು ಶನಿವಾರ. ಕಡಲೆಕಾಳು, ಕುಂಬಳಕಾಯಿ ಹಾಕಿದ ದಪ್ಪ ಸೂಪ್ ಒಲೆ ಮೇಲಿತ್ತು. ಚಿಕ್ಕ ಬರ್ನರ್, ಅತಿ ಸಣ್ಣ ಉರಿ. ಚಿಕ್ಕಮ್ಮನ ಫೋನ್ ಬಂತು. ಅವರ ಹಲ್ಲಿನ ತೊಂದರೆ, ಡಾಕ್ಟರು ಹೇಳಿದ್ದು, ಆಮೇಲೆ ಮದುವೆಯ ಮಾತು, ಹೀಗೆ ಹೋಯಿತು. ಇಟ್ಟಾಗ ಗಡಿಯಾರ ನೋಡಿದರೆ 40 ನಿಮಿಷ ಕಳೆದಿತ್ತು. ಎದೆ ಧಸಕ್ ಅಂತು. ಓಡಿ ಹೋಗಿ ಮರದ ಸೌಟನ್ನು ನೇರ ತಳಕ್ಕೆ ಇಳಿಸಿ ಎಳೆದೆ. ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಸೌಟು ನುಣ್ಣಗೆ ಜಾರಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಅಂಟಿಲ್ಲ. ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿತ್ತು ಅಷ್ಟೇ. ಹಳೆಯ ಸ್ಟೀಲ್ ಪಾತ್ರೆಯಾಗಿದ್ದರೆ ಅಷ್ಟು ಹೊತ್ತಿಗೆ ಬೆರಳು ದಪ್ಪ ಕರಕಲು ಕೆರೆಯುತ್ತಿದ್ದೆ. ಅವತ್ತೇ ತೀರ್ಮಾನ ಮಾಡಿದೆ, ಮುಂದಿನ ಭಾನುವಾರ ನಾನೂ ಎಲ್ಲರ ಜೊತೆ ಕೂರುತ್ತೇನೆ ಅಂತ. ಕೂತೆ ಕೂಡ.

ಈಗ ಎಲ್ಲರೂ ಹೊಗಳುವ ಇನ್ನೊಂದು ಗುಣದ ವಿಷಯ. "ಗಂಟೆಗಟ್ಟಲೆ ಬಿಸಿ ಹಿಡಿದಿಡುತ್ತದೆ" ಅಂತ ಮಾರುವವರು ಹೇಳುತ್ತಾರೆ. ನಾನು ಅಡುಗೆ ಥರ್ಮಾಮೀಟರ್ ಇಟ್ಟು ನೋಡಿದೆ. 5 ಲೀಟರ್ ಗಟ್ಟಿ ಸೂಪ್, ಒಲೆ ಆರಿಸಿ ಮುಚ್ಚಳ ಹಾಕಿದ್ದು. ಒಂದು ಗಂಟೆಗೆ 73 ಡಿಗ್ರಿ, ಎರಡು ಗಂಟೆಗೆ 58. ಬೇರೊಂದು ದಿನ ಅದೇ ಸೂಪನ್ನು ಬಿಗಿ ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಇಟ್ಟು ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯೋಚಿಸಿದರೆ ಇದು ಸರಿಯೇ. ಒಂದು ಕಿಲೋ ನೀರು ಹಿಡಿದಿಡುವ ಬಿಸಿ ಒಂದು ಕಿಲೋ ಕಬ್ಬಿಣ ಹಿಡಿಯುವುದರ ಸುಮಾರು 9 ಪಟ್ಟು. ಪಾತ್ರೆಯೊಳಗೆ 5 ಲೀಟರ್ ಅಡುಗೆ ಇರುವಾಗ ಬಿಸಿ ಇರುವುದು ಅಡುಗೆಯಲ್ಲಿ, ಪಾತ್ರೆಯಲ್ಲಿ ಸ್ವಲ್ಪವೇ. ದಪ್ಪ ಟವೆಲ್ ಸುತ್ತಿಟ್ಟರೆ ಬೀಡಿಗಿಂತ ಜಾಸ್ತಿ ಉಪಯೋಗ ಆಗುತ್ತದೆ. ನಾನು ಈಗ ಹಾಗೇ ಮಾಡುತ್ತೇನೆ. ಬಿಸಿ ನಿಲ್ಲುತ್ತದೆ ಅನ್ನೋ ಒಂದೇ ಕಾರಣಕ್ಕೆ ಈ ಪಾತ್ರೆ ಕೊಳ್ಳುವುದಾದರೆ ಬೇಡ.

ಈ ಪಾತ್ರೆ ನಿಜವಾಗಿ ಬೆಳಗುವುದು ಕಾಳಿನಲ್ಲಿ. ಸೇರಿ ಉಣ್ಣುವ ಊಟಕ್ಕೆ ಕಾಳಿನಷ್ಟು ಒಳ್ಳೆಯ ಆಸರೆ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ನಂಬಿಕೆ. ಹೊಟ್ಟೆ ತುಂಬುತ್ತದೆ, ಮಾಂಸ ತಿನ್ನುವವರು ತಿನ್ನದವರು ಇಬ್ಬರಿಗೂ ಆಗುತ್ತದೆ, ಮಾರನೆಯ ದಿನ ರುಚಿ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ. ನಾನು ಶುಕ್ರವಾರ ರಾತ್ರಿ 1 ಕಿಲೋ ಕಡಲೆಕಾಳು ನೆನೆಹಾಕುತ್ತೇನೆ. ಬೆಳಗ್ಗೆ ಅದು ಎರಡು ಕಿಲೋ ದಾಟಿರುತ್ತದೆ. ಶನಿವಾರ ಹೊಸ ನೀರಿನಲ್ಲಿ ಒಮ್ಮೆ ಕೊತಕೊತ ಕುದಿಸಿ, ಆಮೇಲೆ ಉರಿ ತಗ್ಗಿಸಿ ಮುಚ್ಚಿಬಿಡುತ್ತೇನೆ. ಒಂದೂವರೆ, ಎರಡು ಗಂಟೆ. ಕಾಳು ಒಡೆಯದೆ, ಸಿಪ್ಪೆ ಬಿಡದೆ, ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಆಗುತ್ತದೆ. ಕುಕ್ಕರಿನಲ್ಲಿ ಬೇಗ ಬೇಯುತ್ತದೆ ನಿಜ, ಆದರೆ ಅರ್ಧ ಕಾಳು ನುಚ್ಚಾಗಿರುತ್ತದೆ. ಚಿಕ್ಕಮ್ಮನಿಗೆ ಈಗ ಅಗಿಯುವುದು ಕಷ್ಟ. ಅವರು ಎರಡನೇ ಸಲ ಹಾಕಿಸಿಕೊಳ್ಳುವುದು ಈ ಕಾಳನ್ನು ಮಾತ್ರ.

ರಾಜ್ಮಾ ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಕೆಂಪು ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಅನ್ನೋ ಅಂಶ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ವಾಂತಿ, ಭೇದಿ ಶುರುವಾಗಬಹುದು. ನೆನೆಸಿದ ನೀರು ಚೆಲ್ಲಬೇಕು. ಹೊಸ ನೀರಿನಲ್ಲಿ ಪೂರ್ತಿ ಕುದಿ ಬಂದ ಮೇಲೆ ಕನಿಷ್ಠ 10 ನಿಮಿಷ, ನಾನಂತೂ 30 ನಿಮಿಷ, ಜೋರಾಗಿ ಕುದಿಸಬೇಕು. ಆಮೇಲೆ ಬೇಕಾದರೆ ಸಣ್ಣ ಉರಿ. ಇಂಥ ದಪ್ಪ ಪಾತ್ರೆ ಇದ್ದವರಿಗೆ ಮೊದಲಿನಿಂದಲೇ ಸಣ್ಣ ಉರಿಯಲ್ಲಿಟ್ಟು ಮರೆಯುವ ಆಸೆ ಆಗುತ್ತದೆ. ಕುದಿಯೇ ಬರದೆ 80 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇದ್ದ ಕಾಳು ಮೆತ್ತಗಾಗಿ ಕಂಡರೂ ವಿಷ ಹೋಗಿರುವುದಿಲ್ಲ. ಮಕ್ಕಳೂ ಮುದುಕರೂ ಉಣ್ಣುವ ಊಟ ಅಲ್ವಾ, ಇದರಲ್ಲಿ ರಾಜಿ ಬೇಡ.

ಹುಳಿಯದ್ದು ಬೇರೆ ಕಥೆ. ಹುಳಿ ಬಿದ್ದರೆ ಕಾಳು ಬೇಯಲ್ಲ ಅಂತ ಅಮ್ಮ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಿದ್ದರು. ಎನಾಮೆಲ್ ಇದೆಯಲ್ಲ ಅಂತ ಧೈರ್ಯ ಮಾಡಿ ಒಂದು ಸಲ ಟೊಮೆಟೊ ಮೊದಲೇ ಹಾಕಿದೆ. ಪಾತ್ರೆಗೆ ಏನೂ ಆಗಲಿಲ್ಲ. ಕಾಳು ಮೂರು ಗಂಟೆ ಆದರೂ ಕಟಕಟ. ಕಾಳಿನ ಗೋಡೆ ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಕರಗಲು ಒಪ್ಪುವುದಿಲ್ಲ. ಆಲೂಗಡ್ಡೆಗೂ ಇದೇ ಗತಿ. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಈಗ ಕಾಳು ಪೂರ್ತಿ ಬೆಂದ ಮೇಲೆಯೇ ಟೊಮೆಟೊ, ಕೊನೆಯಲ್ಲಿ ನಿಂಬೆ.

ಈರುಳ್ಳಿಗೂ ಈ ಪಾತ್ರೆಗೂ ಬಹಳ ಹೊಂದಿಕೆ. 14 ಜನರ ಅಡುಗೆಗೆ ಒಂದೂವರೆ ಕಿಲೋ ಈರುಳ್ಳಿ ಹೆಚ್ಚುತ್ತೇನೆ. ಪಾತ್ರೆ ಅರ್ಧ ತುಂಬುತ್ತದೆ. ಸಣ್ಣ ಉರಿಯಲ್ಲಿ, ಚಿಟಿಕೆ ಉಪ್ಪು ಹಾಕಿ, ಆಗಾಗ ತಿರುವುತ್ತಾ 50 ನಿಮಿಷ. ಮೊದಲು ನೀರು ಬಿಡುತ್ತದೆ, ಆಮೇಲೆ ಕುಗ್ಗುತ್ತದೆ, ಕೊನೆಗೆ ಜೇನುಬಣ್ಣದ ಎರಡು ಹಿಡಿ ಉಳಿಯುತ್ತದೆ. ತಳದಲ್ಲಿ ಕಂದು ಪದರವೊಂದು ಕೂತಿರುತ್ತದೆ. ಅದಕ್ಕೆ ಅರ್ಧ ಲೋಟ ನೀರು ಹಾಕಿ ಮರದ ಸೌಟಿನಿಂದ ಉಜ್ಜಿ. ಚುಂಯ್ ಅಂತ ಸದ್ದು ಮಾಡಿ ಪದರ ಪೂರ್ತಿ ಎದ್ದುಬರುತ್ತದೆ, ನೀರು ಕಂದಾಗುತ್ತದೆ. ಇಡೀ ಅಡುಗೆಯ ರುಚಿ ಆ ಅರ್ಧ ಲೋಟದಲ್ಲಿದೆ. ಒಳಗಿನ ಲೇಪ ತಿಳಿ ಬಣ್ಣದ್ದಾದರೆ ಈ ಪದರ ಯಾವಾಗ ಕಂದು, ಯಾವಾಗ ಕಪ್ಪು ಅಂತ ಕಣ್ಣಿಗೆ ಕಾಣುತ್ತದೆ. ನನ್ನದು ಕೆನೆ ಬಣ್ಣ. ಒಳಗೂ ಕಪ್ಪಾಗಿರುವ ಪಾತ್ರೆ ತಗೊಳ್ಳಬೇಡಿ ಅಂತ ನನ್ನ ಸಲಹೆ. ಕಲೆ ಕಾಣುವುದಿಲ್ಲ ಅನ್ನೋದು ಬಿಟ್ಟರೆ ಅದರಿಂದ ಅಡುಗೆಗೆ ಲಾಭ ನನಗೆ ಕಂಡಿಲ್ಲ.

ಮಾಂಸ ಹುರಿಯುವಾಗ ಮಾತ್ರ ಒಟ್ಟಿಗೆ ಸುರಿಯಬೇಡಿ. ಕಂದು ಬಣ್ಣ, ಆ ಘಮ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು, ಅವರ ಹೆಸರಿನಿಂದಲೇ ಕರೆಯುತ್ತಾರೆ. ಎರಡು ಕಿಲೋ ತುಂಡುಗಳನ್ನು ಒಮ್ಮೆಗೇ ಹಾಕಿದರೆ ಎಲ್ಲವೂ ನೀರು ಬಿಟ್ಟು, ತಳದಲ್ಲಿ ನೀರು ನಿಂತು, 100 ಡಿಗ್ರಿಯ ಮೇಲೆ ಏರುವುದೇ ಇಲ್ಲ. ಮಾಂಸ ಬೂದಿ ಬಣ್ಣಕ್ಕೆ ಬೆಂದು ಕೂರುತ್ತದೆ. ಮೂರು ನಾಲ್ಕು ಸರದಿ ಮಾಡಿಕೊಳ್ಳಿ, ತುಂಡುಗಳ ನಡುವೆ ಬೆರಳು ಜಾಗ ಬಿಡಿ. ಹುರಿದಾದ ಮೇಲೆ ಎಲ್ಲವನ್ನೂ ಸೇರಿಸಿ, ಮುಕ್ಕಾಲು ಮುಳುಗುವಷ್ಟು ನೀರು ಹಾಕಿ, ಮುಚ್ಚಿ, ಎರಡೂವರೆ ಮೂರು ಗಂಟೆ ಸಣ್ಣಗೆ. ಗಟ್ಟಿ ನರ, ತೊಗಲಿನಂಥ ಭಾಗದಲ್ಲಿರುವ ಕೊಲಾಜನ್ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತದೆ. ರಸಕ್ಕೆ ತುಟಿಗೆ ಅಂಟುವ ಒಂದು ಜಿಗುಟು ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮಾರನೆ ದಿನ ರಸ ನಡುಗುವ ಹಲ್ವದ ಹಾಗೆ ಕೂತಿರುತ್ತದೆ. ಹಾಗೆ ಕೂತರೆ ಹದ ಸರಿಯಾಗಿದೆ ಅಂತ ಅರ್ಥ.

ಮುಚ್ಚಳದ ಬಗ್ಗೆ ಒಂದು ಮಾತು. ಅದು ಎಷ್ಟು ಬಿಗಿ ಅಂದರೆ ಹಬೆ ಅಷ್ಟಾಗಿ ಆಚೆ ಹೋಗುವುದಿಲ್ಲ. ಮೇಲೆ ಕಟ್ಟಿದ ಹನಿ ಮತ್ತೆ ಒಳಗೇ ಬೀಳುತ್ತದೆ. ನೀವು ರೂಢಿಯ ಪ್ರಕಾರ ನೀರು ಹಾಕಿದರೆ ಕೊನೆಗೆ ನೀರುನೀರಾಗುತ್ತದೆ. ನಾನು ಮೊದಲಿಗಿಂತ ಕಾಲು ಭಾಗ ಕಡಿಮೆ ನೀರು ಹಾಕುತ್ತೇನೆ. ಕೊನೆಯ ಅರ್ಧ ಗಂಟೆ ಮುಚ್ಚಳ ಓರೆ ಮಾಡುತ್ತೇನೆ. ಅಳತೆ ದುಪ್ಪಟ್ಟು ಮಾಡುವಾಗಲೂ ಇದೇ ಎಚ್ಚರ ಬೇಕು. 7 ಜನರ ಅಡುಗೆಯನ್ನು 14 ಜನಕ್ಕೆ ಏರಿಸುವಾಗ ಕಾಳು, ತರಕಾರಿ ದುಪ್ಪಟ್ಟು ಹಾಕಿ. ನೀರು ಅಷ್ಟು ಬೇಡ, ಯಾಕೆಂದರೆ ಪಾತ್ರೆಯ ಬಾಯಿ ದುಪ್ಪಟ್ಟಾಗಿಲ್ಲ, ಆವಿಯಾಗಿ ಹೋಗುವುದು ಅಷ್ಟೇ. ಉಪ್ಪು, ಖಾರ ಒಂದೂವರೆ ಪಟ್ಟು ಹಾಕಿ ರುಚಿ ನೋಡಿ, ಆಮೇಲೆ ಏರಿಸಿ.

ಇನ್ನು ನನ್ನ ದೊಡ್ಡ ನಷ್ಟದ ವಿಷಯ. ಇದನ್ನು ಓದಿ ಒಬ್ಬರು ಎಚ್ಚೆತ್ತರೂ ನನಗೆ ಸಮಾಧಾನ.

ತಗೊಂಡ ವರ್ಷ, ಒಂದು ಶನಿವಾರ ರಾತ್ರಿ ಎಂಟೂವರೆಗೆ ಅಡುಗೆ ಮುಗಿಸಿದೆ. 5 ಲೀಟರ್ ಕಾಳು, ಕೋಳಿ ಹಾಕಿದ್ದು. ಬಿಸಿ ಇದೆ, ಆರಲಿ, ಆಮೇಲೆ ಫ್ರಿಜ್ಜಿಗೆ ಇಡೋಣ ಅಂತ ಮುಚ್ಚಿ ಒಲೆ ಮೇಲೇ ಬಿಟ್ಟೆ. ದಣಿದಿದ್ದೆ, ನಿದ್ದೆ ಹತ್ತಿತು. ಬೆಳಗ್ಗೆ ಆರಕ್ಕೆ ಮುಚ್ಚಳ ತೆಗೆದರೆ ಮೇಲೆ ಸಣ್ಣ ನೊರೆ, ಹುಳಿ ವಾಸನೆ. ಪಾತ್ರೆಯ ಮೈ ಮುಟ್ಟಿ ನೋಡಿದೆ, ಇನ್ನೂ ಒಂಚೂರು ಬೆಚ್ಚಗಿತ್ತು. 14 ಜನರ ಊಟ, ಅಷ್ಟನ್ನೂ ಚೆಲ್ಲಿದೆ. ಕಣ್ಣಲ್ಲಿ ನೀರು ಬಂತು. ಮತ್ತೆ ಕುದಿಸಿದರೆ ಸರಿ ಹೋಗುತ್ತದೆ ಅಂತ ಯಾರೋ ಹೇಳಿದರು. ಹೋಗುವುದಿಲ್ಲ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್, ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾಗಳ ಬೀಜದಂಥ ಸ್ಪೋರುಗಳು ಕುದಿಯನ್ನು ತಡೆದು ಬದುಕುತ್ತವೆ. ಅಡುಗೆ ಉಗುರುಬೆಚ್ಚಗಾದಾಗ ಮೊಳೆತು ಬೇಗ ಬೇಗ ಹೆಚ್ಚುತ್ತವೆ. ಬ್ಯಾಸಿಲಸ್ ಸೀರಿಯಸ್ ಬಿಡುವ ಒಂದು ವಿಷವಂತೂ ಮತ್ತೆ ಕುದಿಸಿದರೂ ಅಳಿಯುವುದಿಲ್ಲ. ದೊಡ್ಡ ಪಾತ್ರೆಯ ತುಂಬ ಮಾಡಿದ ಅಡುಗೆಯಲ್ಲಿ ಈ ತೊಂದರೆ ಜಾಸ್ತಿ. ಬಿಸಿ ನಿಧಾನಕ್ಕೆ ಇಳಿಯುತ್ತದೆ ಅಂದರೆ ಉಗುರುಬೆಚ್ಚಗಿನ ಹಂತದಲ್ಲೂ ಅಷ್ಟೇ ನಿಧಾನ.

ಹೋಟೆಲ್ ಅಡುಗೆಮನೆಗಳಿಗೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಕಿಕೊಟ್ಟಿರುವ ಲೆಕ್ಕವನ್ನೇ ನಾನೀಗ ಪಾಲಿಸುತ್ತೇನೆ. 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ಪಾತ್ರೆಯಲ್ಲೇ ಬಿಟ್ಟರೆ ಇದು ಸಾಧ್ಯವೇ ಇಲ್ಲ. ಒಲೆ ಆರಿಸಿದ ಕೂಡಲೇ ಅಗಲವಾದ ಮೂರು ತಟ್ಟೆಗಳಿಗೆ, ಐದು ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚಾಗದಂತೆ ಸುರಿಯುತ್ತೇನೆ. ತಟ್ಟೆಗಳನ್ನು ತಣ್ಣೀರಿನ ಮೇಲೆ ಇಟ್ಟು ಕೈಯಾಡಿಸಿದರೆ ಅರ್ಧ ಗಂಟೆಯಲ್ಲಿ ಫ್ರಿಜ್ಜಿಗೆ ಇಡುವಷ್ಟು ಆರುತ್ತದೆ. ಪಾತ್ರೆಯನ್ನೇ ತಣ್ಣೀರಿನಲ್ಲಿ ಇಡುವ ಯೋಚನೆ ಮಾಡಬೇಡಿ, ಎನಾಮೆಲ್ ಬಿರಿಯುತ್ತದೆ. ಭಾನುವಾರ ಬೆಳಗ್ಗೆ ಮತ್ತೆ ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿ 40 ನಿಮಿಷ. ನಡುಭಾಗ 74 ಡಿಗ್ರಿ ಮುಟ್ಟಲೇಬೇಕು, ನಾನು ಕುದಿಯವರೆಗೂ ಬಿಡುತ್ತೇನೆ. ತಳದ ದಪ್ಪ ಎರಡನೇ ಸಲ ಕೈಹಿಡಿಯುವುದು ಇಲ್ಲೇ. ರಾತ್ರಿ ಕಳೆದು ಗಟ್ಟಿಯಾದ ಕಾಳನ್ನು ತೆಳು ಪಾತ್ರೆಯಲ್ಲಿ ಬಿಸಿ ಮಾಡಲು ಹೋದರೆ ಐದೇ ನಿಮಿಷಕ್ಕೆ ಸೀಯುತ್ತದೆ.

ತೊಳೆಯುವುದು ಕಷ್ಟವಲ್ಲ. ಪಾತ್ರೆ ಆರಿದ ಮೇಲೆ ಬೆಚ್ಚಗಿನ ನೀರು, ಮೆತ್ತನೆ ಸ್ಪಂಜು ಸಾಕು. ಕಂದು ಕಲೆ ಉಳಿದರೆ ನೀರು ಹಾಕಿ ಎರಡು ಚಮಚ ಅಡುಗೆ ಸೋಡಾ ಬೆರೆಸಿ ಹತ್ತು ನಿಮಿಷ ಕುದಿಸಿ. ಕಬ್ಬಿಣದ ಜುಂಗು ಮುಟ್ಟಿಸಬೇಡಿ. ಸ್ಟೀಲ್ ಸೌಟೂ ಬೇಡ. ಖಾಲಿ ಪಾತ್ರೆಯನ್ನು ಜೋರು ಉರಿಯಲ್ಲಿ ಇಡಬೇಡಿ. ಇಂಡಕ್ಷನ್ ಒಲೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಾಜಿನ ಮೇಲೆ ಎಳೆದಾಡಿದರೆ ಗೀರು ಬೀಳುತ್ತದೆ. ನನ್ನ ಪಾತ್ರೆಯ ಅಂಚಿನಲ್ಲಿ ಮೊದಲ ವರ್ಷವೇ ಅಕ್ಕಿಕಾಳಿನಷ್ಟು ಎನಾಮೆಲ್ ಹಾರಿತು. ಮುಚ್ಚಳವನ್ನು ಓರೆಯಾಗಿ ಬಿಟ್ಟಿದ್ದೇ ಕಾರಣ. ಅಲ್ಲಿ ತುಕ್ಕು ಬಾರದಂತೆ ತೊಳೆದ ಮೇಲೆ ಒರೆಸಿ ಒಂದು ಹನಿ ಎಣ್ಣೆ ಸವರುತ್ತೇನೆ. ಒಳಗಿನ ತಳದಲ್ಲಿ ಹಾರಿದ್ದರೆ ಮಾತ್ರ ಅಡುಗೆಗೆ ಬಳಸುತ್ತಿರಲಿಲ್ಲ. ಗಾಜಿನ ಚೂರು ಊಟಕ್ಕೆ ಬರುವುದು ಬೇಡ.

ಪ್ರೆಶರ್ ಕುಕ್ಕರ್ ಇದ್ದರೆ ಇದು ಯಾಕೆ ಅಂತ ತಂಗಿ ಕೇಳಿದಳು. ಕೆಲಸದ ದಿನ ರಾತ್ರಿ ಏಳಕ್ಕೆ ಮನೆಗೆ ಬಂದು ಎಂಟಕ್ಕೆ ಊಟ ಹಾಕಬೇಕೆಂದರೆ ಕುಕ್ಕರ್ ಬಿಟ್ಟು ಬೇರೆ ದಾರಿ ಇಲ್ಲ. ಒತ್ತಡದಲ್ಲಿ ಒಳಗಿನ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಡೆನಿಸ್ ಪಾಪೆನ್ 1679ರಲ್ಲಿ ತೋರಿಸಿಕೊಟ್ಟ ಆ ಉಪಾಯ ಇವತ್ತಿಗೂ ಸೈ. ನಮ್ಮ ಮನೆಯಲ್ಲಿ ವಾರದ ದಿನ ಅದೇ. ಆದರೆ ಕುಕ್ಕರಿನೊಳಗೆ ಏನಾಗುತ್ತಿದೆ ಅಂತ ನೋಡಲು ಆಗುವುದಿಲ್ಲ, ರುಚಿ ನೋಡಿ ಸರಿಪಡಿಸಲು ಆಗುವುದಿಲ್ಲ. 14 ಜನಕ್ಕಾಗುವಷ್ಟು ಒಂದೇ ಸಲ ಹಿಡಿಯುವುದೂ ಕಷ್ಟ. ಭಾನುವಾರಕ್ಕೆ ಈ ಪಾತ್ರೆ. ಎರಡೂ ಇರಲಿ.

ಇದರಲ್ಲಿ ಮಾಡಬಾರದ್ದೂ ಇದೆ. ಬೇಗ ಬಾಡಿಸಬೇಕಾದ ಸೊಪ್ಪು, ಮೊಟ್ಟೆ, ನೀರು ಕಾಯಿಸುವುದು, ಇದಕ್ಕೆಲ್ಲ ಇದು ದಂಡ. ಓವನ್ ಇದ್ದರೆ ಬ್ರೆಡ್ ಮಾತ್ರ ಸೊಗಸಾಗಿ ಬರುತ್ತದೆ. ಹಿಟ್ಟಿನಿಂದ ಬಂದ ಹಬೆ ಮುಚ್ಚಳದೊಳಗೇ ನಿಂತು ಮೇಲ್ಪದರ ಗರಿಗರಿ ಆಗುತ್ತದೆ. ಮುಚ್ಚಳದ ಗುಂಡಿ ಪ್ಲಾಸ್ಟಿಕ್ಕಿನದ್ದಾದರೆ ಅಷ್ಟು ಕಾವು ತಡೆಯುತ್ತದೆಯೇ ಅಂತ ಜೊತೆಗೆ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ಕೊನೆಗೆ ಭಾರ. ಇದೇ ನನ್ನ ದೊಡ್ಡ ತಕರಾರು. ತಕ್ಕಡಿಯಲ್ಲಿ ಇಟ್ಟರೆ ಖಾಲಿ ಪಾತ್ರೆ, ಮುಚ್ಚಳ ಸೇರಿ 6.4 ಕಿಲೋ. ಅದಕ್ಕೆ 5 ಲೀಟರ್ ಅಡುಗೆ ಸೇರಿಸಿ, 11 ಕಿಲೋ ದಾಟುತ್ತದೆ. ಅಷ್ಟೂ ಕುದಿಯುವ ಬಿಸಿ. ಹಿಡಿಗಳು ನಾಲ್ಕು ಬೆರಳು ತೂರುವಷ್ಟು ಅಗಲ ಇಲ್ಲ, ದಪ್ಪ ಬಟ್ಟೆ ಸುತ್ತಿದರೆ ಇನ್ನೂ ಇಕ್ಕಟ್ಟು. ಅಮ್ಮನ ಮಣಿಕಟ್ಟು ನೋಯುತ್ತದೆ. ಒಂದು ದಿನ ನಾನಿಲ್ಲದಾಗ ಒಲೆಯಿಂದ ಇಳಿಸಲು ಹೋಗಿ ಅರ್ಧದಲ್ಲೇ ಕೈ ಸೋತು ಮತ್ತೆ ಒಲೆ ಮೇಲೇ ಇಟ್ಟರಂತೆ. ಕೇಳಿ ನನ್ನ ಜೀವ ಹಾರಿಹೋಯಿತು. ಅವತ್ತಿನಿಂದ ತುಂಬಿದ ಪಾತ್ರೆಯನ್ನು ಯಾರೂ ಒಬ್ಬರೇ ಎತ್ತುವ ಹಾಗಿಲ್ಲ. ಊಟದ ಹೊತ್ತಿಗೆ ತಂಗಿ ಒಂದು ಹಿಡಿ, ನಾನು ಒಂದು ಹಿಡಿ. ಮಕ್ಕಳನ್ನು ಬದಿಗೆ ಸರಿಸಿ, ನಡುವೆ ಮರದ ಹಲಗೆ ಮೇಲೆ ಇಳಿಸುತ್ತೇವೆ. ಆಮೇಲೆ ನಾನು ಅಮ್ಮನ ಪಕ್ಕ ಕೂರುತ್ತೇನೆ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುತ್ತಾರೆ. ನನ್ನ ತಟ್ಟೆಯಲ್ಲೂ ಹಬೆ ಆಡುತ್ತಿರುತ್ತದೆ.

ಅಳತೆಯ ಬಗ್ಗೆ ಕೇಳುವವರಿಗೆ: ಒಬ್ಬರಿಗೆ ಸುಮಾರು 350 ಮಿಲಿಲೀಟರ್ ಗಟ್ಟಿ ಅಡುಗೆ ಹಿಡಿದರೆ 14 ಜನಕ್ಕೆ 5 ಲೀಟರ್ ಆಗುತ್ತದೆ. ಕುದಿಯಲು ಜಾಗ ಬೇಕಲ್ಲ, ಅದಕ್ಕೇ 7 ಲೀಟರಿನದ್ದು. ಮನೆಯಲ್ಲಿ ನಾಲ್ಕೈದು ಜನ, ವರ್ಷಕ್ಕೆರಡು ಸಲ ನೆಂಟರು ಅಂದರೆ ನಾಲ್ಕೂವರೆ ಲೀಟರಿನದ್ದೇ ಸಾಕು, ಎರಡು ಕಿಲೋ ಹಗುರ ಇರುತ್ತದೆ. ಅಂಗಡಿಯಲ್ಲಿ ಮುಚ್ಚಳ ತಿರುಗಿಸಿ ನೋಡಿ, ಅಲುಗಾಡಬಾರದು. ಅಂಚಿನ ಸುತ್ತ ಬೆರಳಾಡಿಸಿ. ಆಮೇಲೆ ಎತ್ತಿ ನೋಡಿ. ಖಾಲಿ ಪಾತ್ರೆ ಅಲ್ಲ, ಅಂಗಡಿಯವರನ್ನು ಕೇಳಿ ಅರ್ಧ ನೀರು ತುಂಬಿಸಿಕೊಂಡು. ದುಡ್ಡು ಕೊಡುವವರಲ್ಲ, ಮನೆಯಲ್ಲಿ ಅದನ್ನು ಒಲೆಯಿಂದ ಇಳಿಸುವವರು ಯಾರೋ ಅವರೇ ಎತ್ತಿ ನೋಡಬೇಕು.